ತಮಟೆಗೆ ಸಂಬಳ ಕೊಟ್ಟವರು ಯಾರು?

1

ಕೇರಿಯ ಚರ್ಮವಾದ್ಯದ ಸದ್ದನ್ನು ಕನ್ನಡ ವಿಮರ್ಶೆ ಇಲ್ಲಿಯವರೆಗೆ ಎರಡು ಥರ ಕೇಳಿಸಿಕೊಂಡಿದೆ. ಒಂದು ಅಳುವಾಗಿ, ಇನ್ನೊಂದು ಕೂಗಾಗಿ. ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂತು. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು. ಚೋಮ ತನ್ನ ಗುಡಿಸಲಲ್ಲಿ ಬಡಿದ ದುಡಿಯನ್ನು ಮೇಲುಜಾತಿಯ ಓದುಗ ಅವತ್ತಿನಿಂದ ಕಣ್ಣೀರಿಟ್ಟುಕೊಂಡೇ ಕೇಳಿದ್ದಾನೆ. ಎಪ್ಪತ್ತರ ದಶಕದಲ್ಲಿ ಬೂಸಾ ಗಲಾಟೆ ಆಯಿತು, ದಲಿತ ಸಂಘರ್ಷ ಸಮಿತಿ ಹುಟ್ಟಿತು, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬೀದಿಗಿಳಿಯಿತು. ಆಗ ಅದೇ ಚರ್ಮದ ಸದ್ದು ಹೋರಾಟದ ಕರೆಯಾಯಿತು. ದುಡಿ ಬೇರೆ, ತಮಟೆ ಬೇರೆ, ಅರೆ ಬೇರೆ. ವಿಮರ್ಶೆಗೆ ಮಾತ್ರ ಇವೆಲ್ಲ ಒಂದೇ ರೂಪಕ. ನೋವಿನ ರೂಪಕ, ಇಲ್ಲಾಂದ್ರೆ ಪ್ರತಿರೋಧದ ರೂಪಕ.

ಈ ಎರಡು ಓದೂ ಸುಳ್ಳಲ್ಲ. ಆದರೆ ಎರಡೂ ಕೇಳದೆ ಬಿಟ್ಟ ಒಂದು ಮಾತಿದೆ. ತಮಟೆ ಏನು ಹೇಳ್ತದೆ ಅಂತ ಕೇಳಿದೆವು. ತಮಟೆ ಹೊಡೆದವನಿಗೆ ಯಾರು ಏನು ಕೊಟ್ಟರು? ಅವನು ಬೇಡ ಅನ್ನಬಹುದಿತ್ತೆ? ಹೊಡೆಯೋ ಹೊತ್ತಿಗೆ ಅವನು ಎಲ್ಲಿ ನಿಂತಿರಬೇಕಿತ್ತು? ಅವನನ್ನು ಏನಂತ ಕರೆದರು? ಇವನ್ನು ಕೇಳಲಿಲ್ಲ. ತಮಟೆ ಸಂಕೇತ ಆಗೋದಕ್ಕೆ ಮುಂಚೆ ಕೆಲಸ. ಕೆಲಸ ಅಂದ ಮೇಲೆ ಅದಕ್ಕೊಂದು ಕರಾರು ಇರಬೇಕು. ಆ ಕರಾರನ್ನು ಓದದೆ ಸದ್ದನ್ನು ಮಾತ್ರ ಓದಿದ್ದು ನಮ್ಮ ವಿಮರ್ಶೆಯ ದೊಡ್ಡ ಕೊರತೆ ಅಂತ ನನಗನ್ನಿಸುತ್ತದೆ.

ಈ ಮಾತನ್ನು ಪರೀಕ್ಷೆ ಮಾಡೋದಕ್ಕೆ ಒಂದು ಜಾಗ ಬೇಕು. ಚರ್ಮ ಬಡಿಯೋ ಕೆಲಸಕ್ಕೆ ಸಮವಸ್ತ್ರ, ಸಂಬಳ, ದರ್ಜೆ, ಪಿಂಚಣಿ ಎಲ್ಲ ಸಿಕ್ಕಿದ ಜಾಗ. ಅಂಥ ಜಾಗ ಈ ದೇಶದಲ್ಲಿ ಬಹಳ ಇಲ್ಲ. ಇರೋದು ಸೈನ್ಯದ ಬ್ಯಾಂಡು, ಅದರ ತಮ್ಮನಂಥ ಪೊಲೀಸ್ ಬ್ಯಾಂಡು. ದಲಿತ ವಿಮರ್ಶೆ ಈ ಬ್ಯಾಂಡನ್ನು ತಿರುಗಿ ನೋಡಿದ್ದೇ ಕಮ್ಮಿ. ಅಲ್ಲಿ ನೋವೂ ಕಾಣಲಿಲ್ಲ, ಕ್ರಾಂತಿಯೂ ಕಾಣಲಿಲ್ಲ, ಅದಕ್ಕೇ ಇರಬೇಕು.

2

ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನಲ್ಲಿ ಹಳ್ಳಿಮೈಸೂರು ಅಂತ ಒಂದು ಹೋಬಳಿ. ಆ ಹೆಸರಲ್ಲಿ ಹಳ್ಳಿಯೂ ಇದೆ, ಮೈಸೂರೂ ಇದೆ. ನಮ್ಮ ಪ್ರಶ್ನೆಯ ಎರಡು ತುದಿಗಳೂ ಈ ಒಂದೇ ಹೆಸರಿನೊಳಗಿವೆ. ಮೊದಲು ಹಳ್ಳಿಯ ತುದಿ ನೋಡೋಣ.

ಈ ಸೀಮೆಯ ಹಳ್ಳಿಗಳಲ್ಲಿ ತಮಟೆ ಯಾರದು ಅನ್ನೋದು ಊರಿಂದ ಊರಿಗೆ ಬದಲಾಗುತ್ತದೆ. ಒಂದು ಕಡೆ ಹೊಲೇರ ಕೇರಿ, ಇನ್ನೊಂದು ಕಡೆ ಮಾದಿಗರ ಹಟ್ಟಿ. ಕರಾರು ಮಾತ್ರ ಬದಲಾಗೋದಿಲ್ಲ. ಮಾರಿಹಬ್ಬಕ್ಕೆ ಹೊಡೀಬೇಕು, ಜಾತ್ರೆಗೆ ಹೊಡೀಬೇಕು, ಊರ ಗೌಡರ ಮನೆ ಹೆಣದ ಮುಂದೆ ಹೊಡೀಬೇಕು. ಹುಲ್ಲು ಉರಿಸಿ ಚರ್ಮ ಕಾಯಿಸಿಕೊಳ್ಳೋದೂ ಗುಡಿಯಿಂದ ದೂರವೇ ಆಗಬೇಕು. ದೇವರು ಏಳೋದು ಈ ಸದ್ದಿಗೆ. ಸದ್ದು ಮಾಡಿದವನಿಗೆ ಮಾತ್ರ ದೇವರ ಮುಂದೆ ಜಾಗ ಇಲ್ಲ. ಕೂಲಿ ಅಂದರೆ ಸುಗ್ಗಿಯಲ್ಲಿ ಕಣದಲ್ಲಿ ಸಿಗುವ ಆಯ, ಹಬ್ಬದ ಎಡೆ, ಸಾವಿನ ಮನೆಯ ಚಿಲ್ಲರೆ ಕಾಸು. 'ಲೇ, ತಮ್ಟೆ ತಗಂಡ್ ಬಾರ್ಲಾ' ಅನ್ನೋ ಕರೆಯೇ ನೇಮಕಾತಿ ಆದೇಶ. ಅರವತ್ತು ವರ್ಷದ ಮುದುಕನಿಗೂ ಹತ್ತು ವರ್ಷದ ಗೌಡರ ಹುಡುಗ ಈ ಮಾತು ಹೇಳಬಹುದಿತ್ತು.

ಇದು ಬರೀ ಊರಿನ ಪದ್ಧತಿ ಅಂದುಕೊಂಡರೆ ತಪ್ಪು. ಸರ್ಕಾರಕ್ಕೂ ಈ ತಮಟೆ ಬೇಕಾಗಿತ್ತು. ತೋಟಿ, ತಳವಾರ ಇವೆಲ್ಲ ಗ್ರಾಮಾಡಳಿತದ ಹುದ್ದೆಗಳು. ಕಂದಾಯ ಕಟ್ಟಿ ಅಂತಲೋ ಹರಾಜು ಇದೆ ಅಂತಲೋ ಸಾರಿಕೊಂಡು ಹೋಗಬೇಕಾದವನು ತೋಟಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ತೆಗೆದು ನೋಡಿ. ಸಾಲಗಾರನ ಜಮೀನು ಮನೆ ಜಫ್ತಿ ಮಾಡುವಾಗ ಆ ಆದೇಶವನ್ನು ಆಸ್ತಿಯ ಹತ್ತಿರವೇ ವಾದ್ಯ ಬಡಿದು, ಇಲ್ಲವೆ ಆ ಕಡೆಯ ರೂಢಿಯಂತೆ ಸಾರಬೇಕು ಅಂತ 21ನೇ ಆದೇಶದ 54ನೇ ನಿಯಮ ಹೇಳುತ್ತದೆ. ಕಾನೂನಿಗೆ ವಾದ್ಯ ಬೇಕು. ಅದನ್ನು ಬಡಿಯೋ ಕೈ ಯಾರದು ಅಂತ ಕಾನೂನು ಬರೆಯಲಿಲ್ಲ, ಬರೆಯೋ ಅಗತ್ಯವೂ ಇರಲಿಲ್ಲ. ಅದನ್ನು ಜಾತಿ ಮೊದಲೇ ಬರೆದಿಟ್ಟಿತ್ತು. ಕೋರ್ಟಿನ ಅಮೀನನಿಗೆ ಸಂಬಳ, ಗುಮಾಸ್ತನಿಗೆ ಸಂಬಳ, ಜವಾನನಿಗೂ ಸಂಬಳ. ಸಾರಿದವನ ಪಾಲಿಗೆ ಅದೂ ಊರಿನ ಚಾಕರಿಯ ಲೆಕ್ಕ. ಜಫ್ತಿಯಾದ ಮನೆಯವನ ಸಿಟ್ಟಿಗೆ ಮೊದಲು ಸಿಗುತ್ತಿದ್ದವನೂ ಅವನೇ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ತೋಟಿಕೆಯನ್ನು ಕಾಗದದ ಮೇಲೆ ಮುಗಿಸಿತು. ಹುದ್ದೆ ಹೋಯಿತು. ಹುದ್ದೆಯ ಜೊತೆಗಿದ್ದ ಕರೆ ಹೋಗಲಿಲ್ಲ. ಮಾರಿಹಬ್ಬದ ದಿನ ಕೇರಿಯ ಬಾಗಿಲಿಗೆ ಆ ಕರೆ ಬರುತ್ತಲೇ ಇತ್ತು. ಆಗ ಅದಕ್ಕೆ ಕಾನೂನಿನ ಹೆಸರಿರಲಿಲ್ಲ, ಸಂಪ್ರದಾಯ ಅನ್ನೋ ಹೆಸರಿತ್ತು.

3

ಈಗ ಮೈಸೂರಿನ ತುದಿ. ಒಡೆಯರ ಅರಮನೆಯಲ್ಲಿ ಬ್ಯಾಂಡಿತ್ತು. ಇಂಗ್ಲಿಷ್ ಬ್ಯಾಂಡು ಒಂದು, ಕರ್ನಾಟಕ ಬ್ಯಾಂಡು ಒಂದು. ನಾಲ್ವಡಿ ಕೃಷ್ಣರಾಜರ ಕಾಲದಲ್ಲಿ ಬ್ಯಾಂಡು ಕಲಿಸೋಕೆ ಅಟೋ ಸ್ಮಿತ್ ಅನ್ನೋ ಜರ್ಮನ್ ಸಂಗೀತಗಾರ ಇದ್ದರು. ಸ್ವಾತಂತ್ರ್ಯ ಬಂದ ಮೇಲೆ ಈ ಬ್ಯಾಂಡು ರಾಜ್ಯದ ಪೊಲೀಸ್ ಬ್ಯಾಂಡಾಯಿತು. ದಸರೆಯಲ್ಲಿ ಅಂಬಾರಿಯ ಮೆರವಣಿಗೆ ಹೊರಟರೆ ಈ ಬ್ಯಾಂಡೂ ಹೊರಡುತ್ತದೆ. ಅದೇ ಮೆರವಣಿಗೆಯಲ್ಲಿ ಜನಪದ ತಂಡಗಳೂ ಬರುತ್ತವೆ, ಹಾಸನ ಸೀಮೆಯ ಚಿಟ್ಟಿಮೇಳವೂ ಬರುತ್ತದೆ. ಒಬ್ಬ ಪೊಲೀಸ್ ನೌಕರ, ತಿಂಗಳ ಕೊನೆಗೆ ಸಂಬಳ ಎಣಿಸುವವನು. ಇನ್ನೊಬ್ಬ ಕಲಾವಿದ, ಆ ದಿನದ ಸಂಭಾವನೆಗೆ ಕಾಯುವವನು. ಇಬ್ಬರೂ ಒಂದೇ ಬೀದಿಯಲ್ಲಿ ನಡೆಯುತ್ತಾರೆ, ಇಬ್ಬರ ಮುಂದೆಯೂ ವಾದ್ಯ ಇದೆ.

ಜರ್ಮನಿಯವರೊಬ್ಬರ ಕೈಗೆ ಬ್ಯಾಂಡು ಒಪ್ಪಿಸಿ ಸಂಬಳ ಕೊಡಬಲ್ಲ ರಾಜ್ಯ ತನ್ನ ಹೊಳೆನರಸೀಪುರದ, ಅರಕಲಗೂಡಿನ, ಚನ್ನರಾಯಪಟ್ಟಣದ ಕೇರಿಗಳ ತಾಳಜ್ಞಾನಕ್ಕೆ ಸಂಬಳ ಗೊತ್ತುಮಾಡಲಿಲ್ಲ. ಅದು ಪುಕ್ಕಟೆ ಸಿಗುತ್ತಿತ್ತು. ಪುಕ್ಕಟೆ ಸಿಗೋದನ್ನು ಯಾರೂ ಸಂಗೀತ ಅನ್ನೋದಿಲ್ಲ, ಸದ್ದು ಅಂತಾರೆ.

ಸೈನ್ಯದೊಳಗೆ ಹೋದರೆ ಈ ಮಾತು ಇನ್ನೂ ಚುರುಕಾಗುತ್ತದೆ. ರೆಜಿಮೆಂಟಿನ ಡ್ರಮ್ಮಿನ ಮೈಮೇಲೆ ಆ ರೆಜಿಮೆಂಟು ಗೆದ್ದ ಯುದ್ಧಗಳ ಹೆಸರು ಬರೆದಿರುತ್ತಾರೆ. ಹೊಸ ಧ್ವಜ ಕೊಡುವ ಸಮಾರಂಭದಲ್ಲಿ ಡ್ರಮ್ಮುಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಅದರ ಮೇಲೆ ಧ್ವಜ ಇಡುತ್ತಾರೆ. ಪಂಡಿತ, ಮೌಲ್ವಿ, ಗ್ರಂಥಿ, ಪಾದ್ರಿ ಬಂದು ಹರಸುತ್ತಾರೆ. ಅಂದರೆ ಡ್ರಮ್ಮೇ ಅಲ್ಲಿ ಪೀಠ! ಇವತ್ತು ಅದರ ಮುಖಕ್ಕೆ ಪ್ಲಾಸ್ಟಿಕ್ಕಿನ ಹಾಳೆ ಬಂದಿದೆ ನಿಜ. ಆದರೆ ಈ ಪದ್ಧತಿ ಹುಟ್ಟಿದ್ದು ಸತ್ತ ದನದ ಚರ್ಮ ಬಿಗಿದಿದ್ದ ಕಾಲದಲ್ಲಿ. ಪೈಪ್ ಬ್ಯಾಂಡಿನ ಚೀಲವೂ ಚರ್ಮದ್ದೇ. ಸಿಪಾಯಿ ಅದಕ್ಕೆ ಬಾಯಿ ಹಚ್ಚಿ ಊದುತ್ತಾನೆ, ಅವನ ಜಾತಿ ಯಾವುದಾದರೂ ಇರಲಿ.

ಹಳ್ಳಿಯಲ್ಲಿ ಚರ್ಮ ಮುಟ್ಟಿದ್ದಕ್ಕೆ ಮೈಲಿಗೆ ಅನ್ನೋ ವಾದ ಏನಾಯಿತು ಇಲ್ಲಿ? ಚರ್ಮದಲ್ಲಿ ಮೈಲಿಗೆ ಇದ್ದಿದ್ದರೆ ಅದು ದಂಡಿನ ಬಯಲಲ್ಲೂ ಇರಬೇಕಿತ್ತು. ಅಲ್ಲಿ ಇಲ್ಲ ಅಂದಮೇಲೆ ಮೈಲಿಗೆ ಇದ್ದದ್ದು ಚರ್ಮದಲ್ಲಲ್ಲ. 'ನೀನು ಹೊಡೀಲೇಬೇಕು, ನಿನ್ನ ಮಗನೂ ಹೊಡೀಬೇಕು, ನಾವು ಕೊಟ್ಟಷ್ಟು ತಗೋಬೇಕು' ಅನ್ನೋ ಕಟ್ಟಳೆಯಲ್ಲಿ. ಇಂಗ್ಲಿಷಿನಲ್ಲಿ ಬಹಿಷ್ಕೃತನಿಗೆ 'ಪರಯ್ಯಾ' ಅಂತ ಒಂದು ಶಬ್ದ ಇದೆ. ಅದು ತಮಿಳಿನ ಪರೆಯರ ಹೆಸರಿಂದ ಹೋದದ್ದು, ಪರೆ ಅಂದರೆ ತಮಟೆ. ಅದೇ ಪರೆಯರು ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಹತ್ತೊಂಬತ್ತನೇ ಶತಮಾನದಿಂದ ಆ ಪಡೆಯ ನೆಲೆ ನಮ್ಮ ಬೆಂಗಳೂರೇ, ಈಗಿನ ಮದ್ರಾಸ್ ಎಂಜಿನಿಯರ್ ಗ್ರೂಪು. ಒಂದು ಜನದ ವಾದ್ಯವನ್ನು ಲೋಕದ ಬೈಗುಳ ಮಾಡಿದ ಭಾಷೆಯ ಸರ್ಕಾರವೇ ಆ ಜನಕ್ಕೆ ಸಮವಸ್ತ್ರ ಕೊಟ್ಟು ಸಂಬಳದ ಪುಸ್ತಕದಲ್ಲಿ ಹೆಸರು ಬರೆದುಕೊಂಡಿತು. ದಯೆಯಿಂದ ಅಲ್ಲ, ಸೇತುವೆ ಕಟ್ಟೋಕೆ ರಸ್ತೆ ಮಾಡೋಕೆ ಜನ ಬೇಕಾಗಿದ್ದರು. ಅದೇನೇ ಇರಲಿ, ಹೆಸರು ಬರೆದುಕೊಂಡಿತು.

4

ಈ ಎರಡು ತುದಿಗಳ ನಡುವಿನ ವ್ಯತ್ಯಾಸವನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವರು ಬಾಬಾಸಾಹೇಬರು. ಅವರ ಬದುಕೇ ಈ ವ್ಯತ್ಯಾಸದ ಒಳಗಿಂದ ಬಂದದ್ದು. ಹುಟ್ಟಿದ್ದು 1891ರಲ್ಲಿ, ಮಹೂ ದಂಡಿನಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರ್, ಸೈನ್ಯದ ಶಾಲೆಯಲ್ಲಿ ಮೇಷ್ಟ್ರು. ಊರಿನ ಶಾಲೆ ಮಹಾರರ ಮಕ್ಕಳನ್ನು ಹೊರಗೆ ಕೂರಿಸುತ್ತಿದ್ದ ಕಾಲದಲ್ಲಿ ದಂಡಿನ ಶಾಲೆ ಅಕ್ಷರ ಕಲಿಸಿತ್ತು. ಬಾಬಾಸಾಹೇಬರು ಹುಟ್ಟಿದ ಮರುವರ್ಷ, 1892ರಲ್ಲಿ, ಬ್ರಿಟಿಷರು ಮಹಾರರ ಭರ್ತಿ ನಿಲ್ಲಿಸಿದರು. ವೀರ ಜಾತಿ, ವೀರವಲ್ಲದ ಜಾತಿ ಅಂತ ಪಟ್ಟಿ ಮಾಡುತ್ತಿದ್ದ ಕಾಲ ಅದು. ಸೈನ್ಯದಿಂದ ನಿವೃತ್ತರಾಗಿದ್ದ ಗೋಪಾಲ ಬಾಬಾ ವಲಂಗಕರ್ 1894ರಲ್ಲಿ ಅದರ ವಿರುದ್ಧ ಅರ್ಜಿ ಬರೆದರು. ಮೊದಲ ಮಹಾಯುದ್ಧದಲ್ಲಿ ಜನ ಸಾಲದಾದಾಗ ಮಹಾರರನ್ನು ಮತ್ತೆ ಕರೆದರು, ಯುದ್ಧ ಮುಗಿದ ಮೇಲೆ ಮತ್ತೆ ಕೈಬಿಟ್ಟರು. 1941ರಲ್ಲಿ ರಕ್ಷಣಾ ಸಲಹಾ ಸಮಿತಿಯಲ್ಲಿ ಕೂತ ಬಾಬಾಸಾಹೇಬರು ಒತ್ತಾಯ ಮಾಡಿದರು. ಆ ವರ್ಷದ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ಪಡೆ ಎದ್ದು ನಿಂತಿತು. ಎಲ್ಲಿ? ನಮ್ಮ ಬೆಳಗಾವಿಯಲ್ಲಿ.

ಇದನ್ನು ಅವರ ಇನ್ನೊಂದು ಹೋರಾಟದ ಪಕ್ಕದಲ್ಲಿಟ್ಟು ನೋಡಿ. 1928ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಅವರು ಮಹಾರ್ ವತನದ ಮಸೂದೆ ತಂದರು. ವತನ ಅಂದರೆ ನಮ್ಮ ತೋಟಿಕೆಯ ಅಣ್ಣ. ಚೂರು ಇನಾಂ ಜಮೀನು, ಊರಿನಿಂದ ಒಂದಿಷ್ಟು ಕಾಳು, ಅದಕ್ಕೆ ಬದಲಾಗಿ ಇಡೀ ಕುಟುಂಬ ಹಗಲುರಾತ್ರಿ ಸರ್ಕಾರಕ್ಕೂ ಊರಿಗೂ ಚಾಕರಿ. ಬಾಬಾಸಾಹೇಬರು ಈ ಚಾಕರಿಯಿಂದ ಜನರನ್ನು ಬಿಡಿಸಬೇಕು ಅಂದರು. ಅದೇ ಜನಕ್ಕೆ ಸೈನ್ಯದ ಬಾಗಿಲು ತೆಗೀಬೇಕು ಅಂತಲೂ ಅಂದರು. ಎರಡೂ ಸೇವೆಯೇ, ಎರಡರಲ್ಲೂ ಇನ್ನೊಬ್ಬರ ಅಪ್ಪಣೆ ಕೇಳಬೇಕು. ಹಾಗಿದ್ದರೆ ಒಂದು ಬೇಡ, ಇನ್ನೊಂದು ಬೇಕು ಅಂದದ್ದು ಯಾಕೆ? ಒಂದು ಹುಟ್ಟಿನಿಂದ ಅಂಟಿದ್ದು, ಇನ್ನೊಂದು ಕರಾರಿನಿಂದ ಬಂದದ್ದು. ಒಂದರಲ್ಲಿ ಕೂಲಿ ಕೊಡುವವನ ಮರ್ಜಿ, ಇನ್ನೊಂದರಲ್ಲಿ ಸಂಬಳ ಹಕ್ಕು. ಒಂದು ಮಗನಿಗೂ ಅದೇ ಕೆಲಸ ಬಿಟ್ಟು ಹೋಗುತ್ತದೆ, ಇನ್ನೊಂದು ಮಗನನ್ನು ಶಾಲೆಗೆ ಕಳಿಸುತ್ತದೆ.

ನಮ್ಮ ವಿಮರ್ಶೆಗೆ ಬೇಕಾದ ಅಳತೆಗೋಲು ಇಲ್ಲಿದೆ.

5

ಹಾಗಂತ ಸೈನ್ಯದ ಬ್ಯಾಂಡೇ ಮುಕ್ತಿ ಅಂತ ಸಾರೋಕೆ ನಾನು ಹೊರಟಿಲ್ಲ. ಬ್ಯಾಂಡಿನವನ ಮೇಲೂ ಹಳೇ ನೆರಳು ಇದೆ. ಬ್ರಿಟಿಷ್ ರೆಜಿಮೆಂಟುಗಳಲ್ಲಿ ತಪ್ಪು ಮಾಡಿದ ಸಿಪಾಯಿಗೆ ಚಾಟಿ ಹೊಡೆಯೋ ಕೆಲಸ ಡ್ರಮ್ಮರುಗಳದಾಗಿತ್ತು. ಯುದ್ಧ ಬಂದರೆ ಬ್ಯಾಂಡಿನವನು ವಾದ್ಯ ಕೆಳಗಿಟ್ಟು ಸ್ಟ್ರೆಚರ್ ಹಿಡಿಯಬೇಕು, ಗಾಯಾಳುಗಳನ್ನು ಹೊರಬೇಕು. ಈ ಪದ್ಧತಿ ನಮ್ಮ ಸೈನ್ಯಕ್ಕೂ ಬಂದಿದೆ. ಊರಲ್ಲಿ ತಮಟೆಯವನು ಹೆಣದ ಮುಂದೆ ನಡೆಯುತ್ತಾನೆ, ದಂಡಿನಲ್ಲಿ ಬ್ಯಾಂಡಿನವನು ಪ್ರಾಣ ಹೋಗುತ್ತಿರೋ ದೇಹವನ್ನು ಹೆಗಲ ಮೇಲೆ ತರುತ್ತಾನೆ. ಸಾವಿನ ಹತ್ತಿರ ನಿಲ್ಲೋ ಕೆಲಸ ಸದ್ದು ಮಾಡುವವನಿಗೇ ಯಾಕೆ ಬರುತ್ತದೆ, ಯೋಚಿಸಬೇಕು. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಸ್ಟ್ರೆಚರ್ ಹೊತ್ತು ಬಂದವನಿಗೆ ಪದಕ ಸಿಗಬಹುದು. ಹೆಣದ ಮುಂದೆ ನಡೆದವನು ಮನೆಗೆ ಹಿಂದಿರುಗಿದರೆ ಸಿಗೋದು ಸೂತಕವೇ.

ಇನ್ನು ರಾಗದ ಮಾತು. 1950ರಲ್ಲಿ ಪಚಮಡಿಯಲ್ಲಿ ಸೈನ್ಯದ ಸಂಗೀತ ಶಾಲೆ ಶುರುವಾಯಿತು. ಆಗ ಸೇನಾಧಿಪತಿ ನಮ್ಮ ನೆರೆಯ ಕೊಡಗಿನ ಕೆ.ಎಂ. ಕಾರಿಯಪ್ಪನವರು. ಅಲ್ಲಿಂದ ಮುಂದೆ ಬ್ಯಾಂಡಿನಲ್ಲಿ ಇಂಗ್ಲಿಷ್ ಧಾಟಿ ಕಮ್ಮಿಯಾಗುತ್ತ, ದೇಶೀ ಧಾಟಿ ಜಾಸ್ತಿಯಾಗುತ್ತ ಬಂತು. ಪ್ರತಿವರ್ಷ ಜನವರಿ 29ಕ್ಕೆ ದಿಲ್ಲಿಯಲ್ಲಿ ನಡೆಯೋ ಬೀಟಿಂಗ್ ರಿಟ್ರೀಟಿನಲ್ಲಿ ಗಾಂಧೀಜಿಗೆ ಪ್ರಿಯವಾಗಿದ್ದ ಕ್ರೈಸ್ತ ಪ್ರಾರ್ಥನೆಯೊಂದನ್ನು 2022ರಲ್ಲಿ ಕೈಬಿಟ್ಟರು. 2023ರಲ್ಲಿ ಶಾಸ್ತ್ರೀಯ ರಾಗಗಳ ಮೇಲೆ ಕಟ್ಟಿದ ಭಾರತೀಯ ಧಾಟಿಗಳು ಅಂತ ಹೆಮ್ಮೆಯಿಂದ ಪ್ರಕಟಿಸಿದರು. ವಸಾಹತುಶಾಹಿಯನ್ನು ತೊಳೀತೀವಿ ಅಂದರು, ಸರಿ. ತೊಳೆದ ಜಾಗಕ್ಕೆ ಯಾರನ್ನು ಕರೆತಂದರು? ಶಾಸ್ತ್ರೀಯ ರಾಗವನ್ನು. ಭಾರತೀಯ ಅಂದರೆ ಶಾಸ್ತ್ರೀಯ ಅನ್ನೋ ಸಮೀಕರಣ ಹೀಗೆ ಸದ್ದಿಲ್ಲದೆ ಕೂತುಬಿಡುತ್ತದೆ. ಸ್ಕಾಟ್ಲೆಂಡಿನ ಕುರುಬರ ಪೈಪು ನಮ್ಮ ಸೈನ್ಯದ ಹೆಮ್ಮೆಯ ವಾದ್ಯ ಆಗೋದಾದರೆ ಹಾಸನದ ಕೇರಿಯ ತಮಟೆ ಯಾಕಾಗಬಾರದು? ಇದನ್ನು ಕೇಳಬೇಕಾದದ್ದು ಸೈನ್ಯವನ್ನು ಮಾತ್ರ ಅಲ್ಲ, 'ದೇಶೀಯತೆ'ಯ ಬಗ್ಗೆ ಪುಟಗಟ್ಟಲೆ ಬರೆದ ನಮ್ಮ ವಿಮರ್ಶಕರನ್ನೂ.

ಕರಾರೂ ಈಗ ಬದಲಾಗಿದೆ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷದ ನೌಕರಿ, ಅದು ಮುಗಿದ ಮೇಲೆ ನೂರರಲ್ಲಿ ಇಪ್ಪತ್ತೈದು ಜನಕ್ಕೆ ಮಾತ್ರ ಮುಂದುವರಿಕೆ, ಉಳಿದವರಿಗೆ ಒಂದು ಗಂಟು ಹಣ, ಪಿಂಚಣಿ ಇಲ್ಲ. 2024ರಲ್ಲಿ ವಾಯುಪಡೆ ಸಂಗೀತಗಾರರನ್ನೂ ಇದೇ ಅಗ್ನಿವೀರರ ಲೆಕ್ಕದಲ್ಲಿ ಆರಿಸಿತು, ಆಯ್ಕೆಯ ರ‍್ಯಾಲಿ ಬೆಂಗಳೂರಿನಲ್ಲೂ ನಡೆಯಿತು. ಹತ್ತನೇ ತರಗತಿ ಪಾಸಾಗಿರಬೇಕು, ಸ್ವರಲಿಪಿ ತಿಳಿದಿರಬೇಕು. ಕೇರಿಯ ಹುಡುಗನ ಕೈಯಲ್ಲಿ ತಾಳ ಇದೆ, ಕಾಗದದ ಮೇಲೆ ಸ್ವರ ಇಲ್ಲ. ಅದನ್ನು ಕಲಿಸೋ ಶಾಲೆ ಅವನ ಹೋಬಳಿಯಲ್ಲಿ ಎಲ್ಲಿದೆ? ಒಂದು ಪಕ್ಷ ಕಲಿತು ಒಳಗೆ ಹೋದರೂ, ತಂದೆಯ ತಲೆಮಾರಿನ ಸಿಪಾಯಿಗೆ ಸಿಕ್ಕ ಪಿಂಚಣಿಯ ಭರವಸೆ ಅವನಿಗಿಲ್ಲ. ಬಾಬಾಸಾಹೇಬರು ಸೈನ್ಯ ಬೇಕು ಅಂದದ್ದು ಆ ಕರಾರಿನ ಭದ್ರತೆಗಾಗಿ. ಆ ಭದ್ರತೆಯನ್ನೇ ಕಿತ್ತರೆ ಉಳಿಯೋದು ಬರೀ ಸಮವಸ್ತ್ರ. ನಾಲ್ಕು ವರ್ಷ ಕಳೆದ ಮೇಲೆ ಅದನ್ನೂ ಬಿಚ್ಚಿಡಬೇಕು.

6

ಈಗ ಸಾಹಿತ್ಯಕ್ಕೆ ಬರೋಣ. ಈ ಅಳತೆಗೋಲು ಹಿಡಿದು 'ಚೋಮನ ದುಡಿ'ಯನ್ನು ಮತ್ತೆ ಓದಿ. ಚೋಮ ದುಡಿ ಬಡಿಯೋದು ತನಗಾಗಿ, ತನ್ನ ಗುಡಿಸಲಲ್ಲಿ. ಅವನಿಗೆ ಬೇಕಾಗಿದ್ದದ್ದು ಬೇಸಾಯಕ್ಕೆ ಒಂದಿಷ್ಟು ಭೂಮಿ. ಭೂಮಿಯ ಕರಾರು ಸಿಗದೆ ಹೋದದ್ದಕ್ಕೆ ದುಡಿ ಅಷ್ಟು ಜೋರಾಯಿತು. ನಮ್ಮ ವಿಮರ್ಶೆ ದುಡಿಯ ಕಡೆ ಕಿವಿ ಕೊಟ್ಟಷ್ಟು ಭೂಮಿಯ ಕಡೆ ಕಣ್ಣು ಹಾಯಿಸಲಿಲ್ಲ. ಯಾಕೆಂದರೆ ದುಡಿ ಕೇಳಿ ಅಳೋದಕ್ಕೆ ಓದುಗ ಏನೂ ಕಳಕೊಳ್ಳಬೇಕಾಗಿಲ್ಲ. ಭೂಮಿ ಅಂದರೆ ಕಳಕೊಳ್ಳಬೇಕಾಗುತ್ತದೆ.

ಚಳವಳಿಯ ಒಳಗಿನ ಜಗಳವನ್ನೂ ಇದೇ ಕೋಲಿನಿಂದ ಅಳೆಯಬಹುದು. ಒಂದು ಗುಂಪು ಅಂದಿತು: ತಮಟೆ ಗುಲಾಮಗಿರಿಯ ಗುರುತು, ಎಸೀರಿ. ಇನ್ನೊಂದು ಗುಂಪು ಅಂದಿತು: ತಮಟೆ ನಮ್ಮ ಸಂಸ್ಕೃತಿ, ಎತ್ತಿ ಹಿಡೀರಿ. ಡಿ.ಆರ್. ನಾಗರಾಜ್ ತಮ್ಮ 'ದಿ ಫ್ಲೇಮಿಂಗ್ ಫೀಟ್' (1993) ಪುಸ್ತಕದಲ್ಲಿ, ಅವಮಾನದ ಜೊತೆಗೆ ಸಾಂಸ್ಕೃತಿಕ ನೆನಪಿನ ಸಂಪತ್ತನ್ನೂ ಚಳವಳಿ ಬಿಟ್ಟುಕೊಡಬಾರದು ಅನ್ನೋ ಪ್ರಶ್ನೆ ಎತ್ತಿದರು. ದೊಡ್ಡ ಪ್ರಶ್ನೆ ಅದು. ಆದರೆ ನೆನಪನ್ನು ಉಳಿಸಿಕೊಳ್ಳೋ ಖರ್ಚು ಯಾರದು? ಊರಿನ ಸೌಂದರ್ಯಪ್ರಜ್ಞೆಗಾಗಿ ಕೇರಿಯ ಹುಡುಗ ಪುಕ್ಕಟೆ ತಮಟೆ ಹೊಡೀತಾ ಇರಬೇಕೆ? ಮಾರಿಹಬ್ಬಕ್ಕೆ ಹೊಡೆಯೋಲ್ಲ ಅಂದವನು ಸಂಸ್ಕೃತಿಯನ್ನು ಬಿಟ್ಟವನಲ್ಲ, ಆ ಕರಾರನ್ನು ಮುರಿದವನು. ವೇದಿಕೆಯ ಮೇಲೆ ತಲೆಯೆತ್ತಿ ಹೊಡೆದವನು ಹಳೇ ಗುಲಾಮಗಿರಿಗೆ ಮರಳಿದವನಲ್ಲ, ಹೊಸ ಕರಾರು ಕೇಳುತ್ತಿರುವವನು. ಇಬ್ಬರೂ ಒಂದೇ ಜಗಳದ ಎರಡು ಕೈಗಳು. ಇವರನ್ನು ಎದುರಾಳಿಗಳು ಅಂತ ಓದಿದ್ದು ವಿಮರ್ಶೆಯ ಸೋಮಾರಿತನ.

ಚಿಕ್ಕಬಳ್ಳಾಪುರದ ಕಡೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ ಪಡಬೇಕಾದ ಸಂಗತಿ. 'ಲೇ ಬಾರ್ಲಾ' ಅಂತಿದ್ದ ಲೋಕ ಆ ವಾದ್ಯಕ್ಕೆ ರಾಷ್ಟ್ರಪತಿ ಭವನದಲ್ಲಿ ಕೈಮುಗಿಯಿತು. ಆದರೆ ಪ್ರಶಸ್ತಿ ಒಬ್ಬರಿಗೆ ಬರುತ್ತದೆ, ಸಂಬಳ ಒಂದು ವರ್ಗಕ್ಕೆ ಬರಬೇಕು. ಸೈನ್ಯದ ಬ್ಯಾಂಡಿನಲ್ಲಿ ಅತ್ಯುತ್ತಮ ಕಲಾವಿದ ಅಲ್ಲದವನಿಗೂ ತಿಂಗಳ ಸಂಬಳ ಇದೆ, ರಜೆ ಇದೆ, ಕಾಯಿಲೆ ಬಿದ್ದರೆ ಆಸ್ಪತ್ರೆ ಇದೆ. ಮರ್ಯಾದೆ ಅಂದರೆ ಅದು. ಮಹಾನ್ ಕಲಾವಿದ ಆದರೆ ಮಾತ್ರ ಮನುಷ್ಯ ಅನ್ನೋದಾದರೆ ಅದೂ ಒಂದು ಜಾತಿಪದ್ಧತಿಯೇ.

ಆದ್ದರಿಂದ ದಲಿತ ವಿಮರ್ಶೆ ಇನ್ನು ಮುಂದೆ ತಮಟೆ ಬರುವ ಪ್ರತಿಯೊಂದು ಕಥೆಯಲ್ಲೂ ಕವಿತೆಯಲ್ಲೂ ಆತ್ಮಕಥೆಯಲ್ಲೂ ಹೀಗೆ ಕೇಳಲಿ: ಹೊಡೆದವನು ಯಾರ ಮಾತಿಗೆ ಹೊಡೆದ? ಬೇಡ ಅಂದಿದ್ದರೆ ಅವನಿಗೆ ಏನಾಗುತ್ತಿತ್ತು? ಕೈಗೆ ಏನು ಬಂತು? ಅವನ ಮಗ ಏನಾದ? ಲೇಖಕ ಈ ಪ್ರಶ್ನೆಗಳಿಗೆ ಉತ್ತರ ಕೊಡದೆ ಇರಬಹುದು. ಉತ್ತರ ಇಲ್ಲದ ಆ ಜಾಗವೇ ಆ ಕೃತಿಯ ರಾಜಕೀಯ.

ಕಾರ್ಯಕರ್ತ ಗೆಳೆಯರಿಗೂ ಒಂದು ಮಾತಿದೆ. ಸಮಾವೇಶದ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವನು ತಮಟೆಯವನು. ಕರಪತ್ರದಲ್ಲಿ ಉದ್ಘಾಟಕರ ಹೆಸರಿದೆ, ಅಧ್ಯಕ್ಷರ ಹೆಸರಿದೆ, ವಂದನಾರ್ಪಣೆ ಮಾಡುವವರ ಹೆಸರೂ ಇದೆ. ಅವನ ಹೆಸರು ಯಾವ ಸಾಲಿನಲ್ಲಿದೆ ಹುಡುಕಿ. ಖರ್ಚಿನ ಪಟ್ಟಿಯಲ್ಲಿ ಶಾಮಿಯಾನಕ್ಕೆ ಎಷ್ಟು, ಮೈಕಿಗೆ ಎಷ್ಟು, ತಮಟೆಗೆ ಎಷ್ಟು ಅಂತಲೂ ನೋಡಿ. ಮೈಕಿನವನಿಗೆ ಮುಂಗಡ ಕೊಟ್ಟು, ತಮಟೆಯವನನ್ನು 'ನಮ್ಮವನೇ ಅಲ್ವೆ' ಅಂತ ಬರಿಗೈಯಲ್ಲಿ ಕಳಿಸೋದಾದರೆ ಆ ಮೆರವಣಿಗೆಗೂ ಮಾರಿಹಬ್ಬಕ್ಕೂ ಏನು ವ್ಯತ್ಯಾಸ?